ಫ್ಲಾಟನ್ನು ದಿನದ ಬಾಡಿಗೆಗೆ ಬಿಡುತ್ತೀರಾ? ಮೊದಲು ಇಷ್ಟು ಮಾಡಿ

ಇಂದಿರಾನಗರದಲ್ಲೋ ಎಚ್‌ಎಸ್‌ಆರ್‌ನಲ್ಲೋ ಒಂದು ಫ್ಲಾಟ್ ಖಾಲಿ ಇದೆ, ದಿನದ ಲೆಕ್ಕದಲ್ಲಿ ಬಿಟ್ಟರೆ ದುಡ್ಡು ಜಾಸ್ತಿ ಅಂತ ಹೊರಡುವವರು ಮೊದಲು ಸೋಫಾ ತರುತ್ತಾರೆ, ಆಮೇಲೆ ಫೋಟೊ ತೆಗೆಸುತ್ತಾರೆ, ಆಮೇಲೆ ಏರ್‌ಬಿಎನ್‌ಬಿಯಂಥ ಆ್ಯಪ್‌ಗೆ ಹಾಕುತ್ತಾರೆ. ಕಾಗದಪತ್ರದ ನೆನಪಾಗುವುದು ಬೀಟ್ ಪೊಲೀಸ್ ಬೆಲ್ ಒತ್ತಿದಾಗ. ಸೋಫಾ ಕೊನೆಗೆ ತನ್ನಿ.

ಮೊದಲು ಒಪ್ಪಿಗೆ. ನೀವೇ ಬಾಡಿಗೆಗೆ ಇದ್ದೀರಿ ಅಂದರೆ ಓನರ್ ಬರೆದುಕೊಡಬೇಕು. 11 ತಿಂಗಳ ಕರಾರಿನಲ್ಲಿ ಒಳಬಾಡಿಗೆ ಕೂಡದು ಅಂತ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ, ತೆಗೆದು ಓದಿ. ‘ಪರವಾಗಿಲ್ಲ ಬಿಡಿ’ ಅಂತ ಅವರು ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ನಾಳೆ ಮಾತು ಬಂದರೆ ನಿಮ್ಮ ಅಡ್ವಾನ್ಸ್ ಅವರ ಕೈಯಲ್ಲಿದೆ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಬೈಲಾ ನೋಡಿ. ಅದರಲ್ಲಿ ಬೇಡ ಅಂತಿದ್ದರೆ ಅಲ್ಲಿಗೇ ಕೈಬಿಡಿ. ‘ಸೆಕ್ಯುರಿಟಿ ಕೇಳಿದರೆ ಕಸಿನ್ ಮನೆಗೆ ಬಂದಿದ್ದೀವಿ ಅನ್ನಿ’ ಅಂತ ಗೆಸ್ಟ್‌ಗೆ ಹೇಳಿಕೊಡುವವರಿದ್ದಾರೆ. ವಾರಕ್ಕೆ ಮೂರು ಸಲ ಸೂಟ್‌ಕೇಸ್ ಎಳೆದುಕೊಂಡು ಕಸಿನ್‌ಗಳು ಬಂದರೆ ವಾಚ್‌ಮನ್‌ಗೆ ಗೊತ್ತಾಗಲ್ವಾ?

ಆಮೇಲೆ ನೋಂದಣಿ. ನೀವೂ ಅದೇ ಮನೆಯಲ್ಲಿದ್ದು ಒಂದೆರಡು ರೂಮು ಕೊಡುವುದಾದರೆ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ದಾರಿ ಹಿಡಿಯಿರಿ. ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲೂ 6 ರೂಮು, 12 ಹಾಸಿಗೆಯವರೆಗೆ ಅವಕಾಶವಿದೆ, ಆದರೆ ಮನೆಯವರು ಅಲ್ಲೇ ವಾಸವಿರಬೇಕು. ಕೀ ಲಾಕ್‌ಬಾಕ್ಸಿನಲ್ಲಿಟ್ಟು ನೀವು ಮೈಸೂರಿನಲ್ಲಿ ಕೂತಿದ್ದರೆ ಈ ದಾರಿ ಇಲ್ಲ, ಪಾಲಿಕೆಗೆ ಹೋಗಿ ಟ್ರೇಡ್ ಲೈಸೆನ್ಸ್ ವಿಚಾರಿಸಿ. ಸೆಪ್ಟೆಂಬರ್ 2025ರಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಅಂತ ಮೊದಲೇ ನೋಡಿಕೊಳ್ಳಿ. ರಸ್ತೆ ಅಗಲವನ್ನೂ ಕೇಳುತ್ತಾರೆ. 40 ಅಡಿಗಿಂತ ಸಣ್ಣ ರಸ್ತೆಯ ವಸತಿ ಬಡಾವಣೆ ಆದರೆ ಕಷ್ಟ. ‘ಎಲ್ಲಾ ಲೈಸೆನ್ಸ್ ಒಂದೇ ಪ್ಯಾಕೇಜ್’ ಅನ್ನುವ ಏಜೆಂಟ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಅರ್ಜಿ ಹಾಕಿದ ರಸೀದಿಯನ್ನೇ ಲೈಸೆನ್ಸ್ ಅಂತ ಕೈಗಿಟ್ಟು ಹೋಗುವವರೂ ಇದ್ದಾರೆ.

ಜಿಎಸ್‌ಟಿ ಸುಲಭ. ನಿಮ್ಮ ವಾರ್ಷಿಕ ವಹಿವಾಟು 20 ಲಕ್ಷ ದಾಟದೆ ನೀವು ನೋಂದಣಿ ಮಾಡಿಸಿಲ್ಲದಿದ್ದರೆ, ಆ್ಯಪ್‌ನಲ್ಲಿ ಬಂದ ಬುಕಿಂಗ್‌ನ ತೆರಿಗೆಯನ್ನು ಆ್ಯಪ್‌ನವರೇ ಕಟ್ಟುತ್ತಾರೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಫಾರ್ಮ್ ಸಿ. ವಿದೇಶಿ ಗೆಸ್ಟ್ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಎಫ್‌ಆರ್‌ಆರ್‌ಒಗೆ, ಅಂದರೆ ವಿದೇಶಿಯರ ನೋಂದಣಿ ಕಚೇರಿಗೆ, ಆನ್‌ಲೈನ್‌ನಲ್ಲಿ ಕೊಡಬೇಕು. ಹೋಟೆಲಿಗೆ ಮಾತ್ರ ಅಂದುಕೊಳ್ಳಬೇಡಿ, ಒಂದೇ ರೂಮು ಕೊಡುವವರಿಗೂ ಇದೆ. ಸೆಪ್ಟೆಂಬರ್ 1, 2025ರಿಂದ ಹೊಸ ಕಾಯ್ದೆ ಬಂದಿದೆ, 24 ಗಂಟೆಯ ನಿಯಮ ಮಾತ್ರ ಹಾಗೇ ಇದೆ. ಎಫ್‌ಆರ್‌ಆರ್‌ಒ ಸೈಟಿನ ಅಕೌಂಟನ್ನು ಮೊದಲ ಗೆಸ್ಟ್ ಬರುವುದಕ್ಕೆ ಬಹಳ ಮುಂಚೆಯೇ ಮಾಡಿಸಿಡಿ. ಮನೆಯ ದಾಖಲೆ ಕೊಟ್ಟು ಅನುಮೋದನೆಗೆ ಕಾಯಬೇಕಾಗುತ್ತದೆ, ಗೆಸ್ಟ್ ಬಾಗಿಲಲ್ಲಿ ನಿಂತಾಗ ಅದು ಆಗುವ ಕೆಲಸವಲ್ಲ.

ಇನ್ನು ತುಂಬುವುದು. ನಮ್ಮ ಏರ್‌ಪೋರ್ಟಿಗೆ ವಿದೇಶದ ವಿಮಾನಗಳು ಬಹಳಷ್ಟು ಬರುವುದೇ ನಡುರಾತ್ರಿ. ಗೆಸ್ಟ್ ಬೆಳಗಿನ ಜಾವ ಮೂರಕ್ಕೆ ಬಂದು ಮಧ್ಯಾಹ್ನದವರೆಗೆ ಮಲಗುತ್ತಾರೆ, ಎದ್ದು ಊಟಕ್ಕೆ ಹೊರಗೆ ಹೋಗುತ್ತಾರೆ, ಅಷ್ಟರಲ್ಲಿ ಅರ್ಧ ದಿನ ಕಳೆಯಿತು. ಅದಕ್ಕೇ ಪಾಸ್‌ಪೋರ್ಟ್ ಮತ್ತು ವೀಸಾ ಪುಟವನ್ನು ಮೊದಲೇ ಕಳಿಸಲು ಹೇಳಿ, ಬಂದಮೇಲೆ ಅಸಲಿ ಜೊತೆ ತಾಳೆ ನೋಡಿ, ಎಂಟ್ರಿ ಮುದ್ರೆಯ ಫೋಟೊವನ್ನು ಆಗಲೇ ತೆಗೆದುಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರಲಿ. ಬುಕಿಂಗ್‌ನ ‘ಮೈಕ್’ ಅಲ್ಲಿ ಮೈಕೆಲ್ ಆಗಿ ಜೊತೆಗೆ ಇನ್ನೆರಡು ಹೆಸರು ಇಟ್ಟುಕೊಂಡಿರುತ್ತಾನೆ. ದಿನಾಂಕ ಎರಡಿವೆ, ಭಾರತಕ್ಕೆ ಬಂದದ್ದು ಬೇರೆ, ನಿಮ್ಮ ಮನೆಗೆ ಬಂದದ್ದು ಬೇರೆ. ಗೋವಾದಲ್ಲಿ ಒಂದು ವಾರ ಇದ್ದು ಬಂದವರ ಫಾರ್ಮಿನಲ್ಲಿ ಎರಡಕ್ಕೂ ಒಂದೇ ತಾರೀಕು ತುಂಬುವುದು ಮಾಮೂಲಿ ತಪ್ಪು. ಸ್ಟಿಕರ್ ವೀಸಾ ಆದರೆ ನಂಬರ್ ಪಾಸ್‌ಪೋರ್ಟಿನೊಳಗೇ ಇದೆ, ಇ-ವೀಸಾ ಆದರೆ ಅವರು ಪ್ರಿಂಟ್ ಹಾಕಿಕೊಂಡು ತಂದ ಹಾಳೆಯನ್ನೂ ಕೇಳಿ ಪಡೆಯಿರಿ. ಅಮೆರಿಕದಿಂದ ಬಂದ ನಮ್ಮವರೇ, ಕನ್ನಡ ಮಾತಾಡುತ್ತಾರೆ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿದೆ ಅಂತ ಬಿಟ್ಟುಬಿಡಬೇಡಿ. ಅವರ ಪಾಸ್‌ಪೋರ್ಟ್ ವಿದೇಶದ್ದೇ, ಅವರದ್ದೂ ತುಂಬಿ. ಬಂದ ಸ್ವೀಕೃತಿಯ ಪ್ರಿಂಟ್ ಫೈಲಿನಲ್ಲಿರಲಿ, ಮೊಬೈಲ್ ಸಾಲದು.

ನಮ್ಮ ದೇಶದವರಿಗೆ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕ ಸಾಕು: ಹೆಸರು, ಫೋನ್, ಐಡಿ, ಬಂದ ಮತ್ತು ಹೋದ ಸಮಯ, ಸಹಿ. ಬುಕ್ ಮಾಡಿದವನದ್ದು ಮಾತ್ರ ಅಲ್ಲ, ಉಳಿಯುವ ಪ್ರತಿಯೊಬ್ಬರದ್ದೂ ಬೇಕು. ಪ್ಯಾನ್ ಕಾರ್ಡ್ ಒಪ್ಪಬೇಡಿ, ಅದರಲ್ಲಿ ವಿಳಾಸವೇ ಇರುವುದಿಲ್ಲ.

ಕ್ಯಾಮೆರಾ ಹೊರಬಾಗಿಲಿಗೆ ಮಾತ್ರ. ಹಾಲ್‌ಗೂ ಬೇಡ, ಏರ್‌ಬಿಎನ್‌ಬಿ 2024ರಲ್ಲೇ ಮನೆಯೊಳಗಿನ ಕ್ಯಾಮೆರಾ ನಿಷೇಧಿಸಿದೆ. ಅಗ್ಗದ ಸ್ಮಾರ್ಟ್ ಲಾಕ್ ಹಾಕಿಸಬೇಡಿ, ಬ್ಯಾಟರಿ ಸತ್ತರೆ ರಾತ್ರಿ ಎರಡಕ್ಕೆ ಓಡಬೇಕಾದವರು ನೀವು. ಇನ್ನೊಂದು, ಶನಿವಾರ ಒಂದೇ ರಾತ್ರಿಗೆ ಬೆಂಗಳೂರಿನವರೇ ಬುಕ್ ಮಾಡಿದರೆ ಅದು ಬಹುಮಟ್ಟಿಗೆ ಪಾರ್ಟಿ. ಕನಿಷ್ಠ ಎರಡು ರಾತ್ರಿ ಅಂತ ಸೆಟ್ಟಿಂಗ್‌ನಲ್ಲೇ ಹಾಕಿಬಿಡಿ.