ಚರ್ಚಿಗೆ ದುಡ್ಡು, ಟೈಮು ಕೊಡೋ ಮುಂಚೆ
ಮೊದ್ಲು ನಿಮ್ಮನ್ನೇ ಕೇಳ್ಕೊಳ್ಳಿ, ಯಾರಿಗೂ ಗೊತ್ತಾಗಲ್ಲ ಅಂದ್ರೂ ಇಷ್ಟೇ ಕೊಡ್ತಿದ್ನಾ ಅಂತ. ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು) ಕೊಟ್ರೆ ದೇವ್ರು ಡಬಲ್ ಮಾಡಿ ಕೊಡ್ತಾನೆ ಅಂತ ಬೈಬಲ್ಲಿನ ಮಲಾಕಿ 3:10 ತೋರಿಸೋರಿದ್ದಾರೆ, ಆದ್ರೆ ಅದು ಇಸ್ರಾಯೇಲ್ಯರಿಗೆ ಹೇಳಿದ್ದು, ದೇವಾಲಯದ ಉಗ್ರಾಣ ತುಂಬ್ಸೋ ವಿಷ್ಯ, ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ (2 ಕೊರಿಂಥ 9:7) ಪರ್ಸೆಂಟ್ ಲೆಕ್ಕಾನೇ ಹೇಳಲ್ಲ, ಮನಸ್ಸಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಿ, ಬಲವಂತಕ್ಕೆ ಬೇಡ ಅಂತಾನೆ. ಸಂಬಳ ಬಂದ ದಿನಾನೇ ಒಂದು ಮೊತ್ತ ತೆಗೆದಿಡಿ, ಸಾಲ ಮಾಡಿ ಕೊಡೋಕೆ ಹೋಗ್ಬೇಡಿ. ಕೊಟ್ಟ ದುಡ್ಡಿಗೆ ಚರ್ಚಿನ ಹತ್ರ ಲೆಕ್ಕ ಕೇಳೋದು ತಪ್ಪೇನಲ್ಲ. ಟೈಮ್ ಕೊಡೋದಾದ್ರೆ ಸಂಡೇ ಸ್ಕೂಲೋ ಕ್ವಯರೋ, ವಾರಕ್ಕೆಷ್ಟು ಗಂಟೆ, ಎಷ್ಟ್ ತಿಂಗ್ಳು ಅಂತ ಮೊದ್ಲೇ ಹೇಳ್ಬಿಡಿ, ಇಲ್ಲಾಂದ್ರೆ (ನನ್ ಅನುಭವ) ಒಂದ್ಸಲ ಹೂಂ ಅಂದೋರ ತಲೆಗೇ ಎಲ್ಲಾ ಕೆಲ್ಸ ಕಟ್ತಾರೆ, ಆಮೇಲೆ ಒಬ್ರೂ ಥ್ಯಾಂಕ್ಸ್ ಹೇಳ್ಲಿಲ್ಲ ಅಂತ ಒಳಗೊಳಗೇ ಕುದೀತಾ ಕೂರ್ತೀರ.