ಹೋಟನ್ ಕೌಂಟಿಯಲ್ಲಿ ಮನೆ: ಕೊಳ್ಳುವ ಮುಂಚೆ ನಾವು ಹಾಕಿದ ಲೆಕ್ಕ

ಹೆಂಡತಿಗೆ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ನನ್ನದು ಎಲ್ಲಿ ಕೂತರೂ ನಡೆಯುವ ಕೆಲಸ. ಆಗ ನಾವು ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿದ್ದೆವು. ವಿಶ್ವವಿದ್ಯಾಲಯವಿರುವ ಹೋಟನ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇರುವುದು ಅಮೆರಿಕದ ಅದೇ ಮಿಷಿಗನ್ ರಾಜ್ಯದಲ್ಲೇ, ಆದರೆ ಸುಮಾರು 550 ಮೈಲಿ ದೂರ, ಸುಪೀರಿಯರ್ ಸರೋವರದ ದಂಡೆಯಲ್ಲಿ. 2020ರ ಜನಗಣತಿಯಲ್ಲಿ ಇಡೀ ಕೌಂಟಿಗೆ 37,361 ಜನ.

ಮೊದಲ ದಿನ ರಾತ್ರಿ ಊಟ ಮುಗಿಸಿ ಮನೆಗಳ ಜಾಹೀರಾತು ನೋಡುತ್ತಾ ಕೂತೆವು. ಕ್ಯಾಲ್ಯುಮೆಟ್ ಊರಿನಾಚೆ ಮೂರು ಬೆಡ್‌ರೂಮಿನ ಮನೆ, 94,000 ಡಾಲರ್. "ರೀ, ಇದು ಮನೆ ರೇಟಾ, ಕಾರಿನ ರೇಟಾ?" ಅಂದಳು ಹೆಂಡತಿ. ನೋವೈಯಲ್ಲಿ ಆ ದುಡ್ಡಿಗೆ ಗ್ಯಾರೇಜೂ ಸಿಗುವುದಿಲ್ಲ.

ಮಾರನೇ ದಿನ ತೀರ್ಥಹಳ್ಳಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಅಡಿಕೆ ತೋಟದವರು. "ತೋಟ ತಗೊಳ್ಳೋದಾದ್ರೆ ಬೇಸಿಗೇಲಿ ನೋಡು, ಮನೆ ತಗೊಳ್ಳೋದಾದ್ರೆ ಮಳೆಗಾಲದಲ್ಲಿ ನೋಡು. ಅಲ್ಲಿ ಮಳೆಗಾಲ ಅಂದ್ರೆ ಯಾವುದು?" ಅಂತ ಕೇಳಿದರು. ಅಲ್ಲಿ ಮಳೆಗಾಲ ಅಂದರೆ ಜನವರಿ. ಆ ಕಡೆ ವರ್ಷಕ್ಕೆ 200 ಇಂಚಿಗಿಂತ ಜಾಸ್ತಿ ಹಿಮ ಬೀಳುತ್ತದೆ. ಪಕ್ಕದ ಕೀವಿನಾ ಕೌಂಟಿಯಲ್ಲಿ 1978-79ರ ಚಳಿಗಾಲದಲ್ಲಿ 390.4 ಇಂಚು ಬಿದ್ದಿತ್ತು. ಅದನ್ನು ಹೆದ್ದಾರಿ ಪಕ್ಕ ಎತ್ತರದ ಕಂಬ ನೆಟ್ಟು ತೋರಿಸಿದ್ದಾರೆ. ನಾವು ಆಗುಂಬೆ ಮಳೆ ಬಗ್ಗೆ ಜಂಬ ಕೊಚ್ಚಿಕೊಳ್ಳುವ ಹಾಗೆಯೇ.

ಅಲ್ಲಿಗೆ ಒಂದು ತೀರ್ಮಾನ ಮಾಡಿದೆ. ಮನೆಯ ಬೆಲೆ ನೋಡುವುದು ಬಿಟ್ಟು, ಜನವರಿ ತಿಂಗಳಲ್ಲಿ ಆ ಮನೆಯಿಂದ ಎಷ್ಟು ದುಡ್ಡು ಹೊರಗೆ ಹೋಗುತ್ತದೆ ಅನ್ನುವುದನ್ನು ನೋಡಬೇಕು.

ಮೊದಲು ಸರ್ಕಾರದ ಅಂಕಿ ತೆಗೆದೆ. ಅಮೆರಿಕದ ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಬಾಡಿಗೆ, ಆದಾಯದ ಸಮೀಕ್ಷೆ ಮಾಡುತ್ತದೆ. ಆದರೆ ಒಂದೇ ವರ್ಷದ ಪೂರ್ತಿ ಲೆಕ್ಕ ಕೊಡುವುದು 65,000 ಜನಕ್ಕಿಂತ ದೊಡ್ಡ ಊರು, ಕೌಂಟಿಗಳಿಗೆ. ಹೋಟನ್‌ನಂಥ ಸಣ್ಣ ಕೌಂಟಿಗೆ ಐದು ವರ್ಷದ್ದನ್ನು ಒಟ್ಟು ಸೇರಿಸಿದ ಲೆಕ್ಕ. ಬಾಡಿಗೆ ಏರಿದ ವರ್ಷವೂ ಏರದ ವರ್ಷವೂ ಅದರಲ್ಲಿ ಕಲಸಿಹೋಗಿರುತ್ತದೆ. ಜೊತೆಗೆ ಟೆಕ್‌ನಲ್ಲಿ ಸುಮಾರು 7,000 ವಿದ್ಯಾರ್ಥಿಗಳು. ಹಾಸ್ಟೆಲ್‌ನಲ್ಲಿರುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಹೊರಗೆ ಬಾಡಿಗೆಗೆ ಇರುವವರು ಬರುತ್ತಾರೆ. ಅವರ ಆದಾಯ ಹೆಚ್ಚುಕಮ್ಮಿ ಸೊನ್ನೆ, ಬಾಡಿಗೆ ಮಾತ್ರ ಪೂರ್ತಿ. ಹಾಗಾಗಿ ಕಾಗದದ ಮೇಲೆ ಆ ಊರಿನ ಬಾಡಿಗೆದಾರರೆಲ್ಲ ಮುಳುಗುತ್ತಿರುವ ಹಾಗೆ ಕಾಣುತ್ತದೆ. ಕಷ್ಟದಲ್ಲಿರುವ ಸಂಸಾರಗಳೂ ಇವೆ, ಇಲ್ಲವೆಂದಲ್ಲ. ಆದರೆ ಆದಾಯದಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತದೆ ಅನ್ನುವ ಆ ಒಂದು ಶೇಕಡಾವಾರು ನೋಡಿ ನನ್ನ ಪರಿಸ್ಥಿತಿ ಅಳೆಯಲು ಆಗುವುದಿಲ್ಲ.

ಖಾಲಿ ಮನೆಗಳ ಸಂಖ್ಯೆಯೂ ಮೋಸ ಮಾಡುತ್ತದೆ. "ಇಷ್ಟೊಂದು ಮನೆ ಖಾಲಿ ಇದೆಯಲ್ಲ, ಚೌಕಾಸಿ ಮಾಡಬಹುದು" ಅಂದುಕೊಂಡಿದ್ದೆ. ಒಳಗಿನ ಸಾಲು ನೋಡಿದರೆ ಅವುಗಳಲ್ಲಿ ತುಂಬಾ ಮನೆಗಳು ಬೇಟೆಗೆ, ಮೀನಿಗೆ, ಬೇಸಿಗೆ ರಜೆಗೆ ಬರುವವರದ್ದು. ಅಲ್ಲಿಯವರು ಅದಕ್ಕೆ 'ಕ್ಯಾಂಪ್' ಅನ್ನುತ್ತಾರೆ. ಅವು ಮಾರಾಟಕ್ಕೂ ಇಲ್ಲ, ಬಾಡಿಗೆಗೂ ಇಲ್ಲ.

ಕೇಂದ್ರ ಸರ್ಕಾರದ ವಸತಿ ಇಲಾಖೆ ಪ್ರತಿ ಕೌಂಟಿಗೂ 'ಫೇರ್ ಮಾರ್ಕೆಟ್ ರೆಂಟ್' ಅಂತ ಒಂದು ಅಂಕಿ ಕೊಡುತ್ತದೆ. ಅದು ಸರಾಸರಿ ಅಲ್ಲ. ನೂರು ಮನೆಗಳ ಬಾಡಿಗೆಯನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿದರೆ ನಲವತ್ತನೆಯ ಮನೆಯದು. ಕರೆಂಟು, ಹೀಟಿಂಗೂ ಅದರೊಳಗೇ ಸೇರಿದೆ. ಇದು ತಿಳಿಯದೆ ನಾನು ಒಂದು ವಾರ ಅದರ ಮೇಲೆ ಮತ್ತೆ ಹೀಟಿಂಗ್ ಖರ್ಚು ಕೂಡಿಸಿ ತಲೆ ಕೆಡಿಸಿಕೊಂಡಿದ್ದೆ.

ಆದಾಯದ 30 ಶೇಕಡಾ ಮನೆಗೆ ಅನ್ನುವ ಸೂತ್ರ ಎಲ್ಲರಿಗೂ ಗೊತ್ತು. ಸರ್ಕಾರಿ ಮನೆಗಳಿಗೆ ಮೊದಲು 25 ಇತ್ತು, 1981ರಲ್ಲಿ 30 ಮಾಡಿದರು. ತೆರಿಗೆ ಕಳೆಯುವ ಮುಂಚಿನ ಆದಾಯದ 30. ಹಾಲಿಗೂ ಕಾರು ತೆಗೆಯಬೇಕಾದ ಊರಿನಲ್ಲಿ ಈ ಸೂತ್ರ ನನಗೆ ಸಡಿಲ ಅನ್ನಿಸಿತು. ನಾವು ಕಾರಿನ ಪೆಟ್ರೋಲನ್ನೂ ಮನೆಯ ಲೆಕ್ಕಕ್ಕೇ ಹಾಕಿದೆವು. ಗ್ರಾಮೀಣ ಪ್ರದೇಶಕ್ಕೆಂದು ಕೃಷಿ ಇಲಾಖೆ ಖಾತರಿ ಕೊಡುವ ಸಾಲವೊಂದಿದೆ, ಡೌನ್ ಪೇಮೆಂಟ್ ಇಲ್ಲದೆ ಸಿಗುತ್ತದೆ. ವಿಳಾಸ ಹಾಕಿ ನೋಡಿದರೆ ಮನೆ ಅರ್ಹ, ಇಬ್ಬರ ಸಂಬಳ ಸೇರಿ ಮಿತಿ ದಾಟಿದ ನಾವು ಅನರ್ಹ. ಅಲ್ಲಿಗೆ ಅದು ಮುಗಿಯಿತು.

ನಾನು ನಿಜವಾಗಿ ಎಡವಿದ್ದು ಆಸ್ತಿ ತೆರಿಗೆಯಲ್ಲಿ. ಹ್ಯಾನ್‌ಕಾಕ್ ಊರಿನೊಳಗೆ ಎರಡನೇ ಮನೆ ನೋಡಿದ್ದೆವು, 148,000 ಡಾಲರ್. ಮಾಲೀಕರು ಮೂವತ್ತು ವರ್ಷದಿಂದ ಅಲ್ಲೇ ಇದ್ದವರು. ಅವರು ಕೊಟ್ಟ ರಸೀದಿ ಕಂಡು ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಮಿಷಿಗನ್‌ನಲ್ಲಿ ವರ್ಷಕ್ಕೆ ಎರಡು ಬಿಲ್, ಬೇಸಿಗೆಯದೊಂದು, ಚಳಿಗಾಲದ್ದೊಂದು. ನಾನು ನೋಡಿದ್ದು ಒಂದನ್ನೇ. ಎರಡೂ ಕೂಡಿಸಿದರೂ ಅದು ನಮ್ಮ ತೆರಿಗೆ ಅಲ್ಲ. 1994ರ ಬದಲಾವಣೆಯಿಂದ ಅಲ್ಲಿ ಒಬ್ಬರೇ ಮಾಲೀಕರಿರುವ ತನಕ ತೆರಿಗೆ ಹಾಕುವ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ 5 ಶೇಕಡಾ, ಯಾವುದು ಕಡಿಮೆಯೋ ಅಷ್ಟು ಮಾತ್ರ ಏರುತ್ತದೆ. ಮನೆ ಮಾರಿದ ಮುಂದಿನ ವರ್ಷ ಆ ಮುಚ್ಚಳ ತೆಗೆಯುತ್ತಾರೆ. ಆಗ ಮಾರುಕಟ್ಟೆ ಮೌಲ್ಯದ ಅರ್ಧಕ್ಕೆ ತೆರಿಗೆ. ರಾಜ್ಯದ ಖಜಾನೆ ಇಲಾಖೆಯ ತೆರಿಗೆ ಅಂದಾಜು ಲೆಕ್ಕದಲ್ಲಿ ನಾನು 148,000ದ ಅರ್ಧ, 74,000 ಅಂತ ಹಾಕಿದೆ. ವರ್ಷದ ತೆರಿಗೆ ಸುಮಾರು 2,960 ಬಂತು. ಹಳೇ ಮಾಲೀಕರು ಕಟ್ಟುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ನಾವೇ ವಾಸ ಮಾಡುತ್ತೇವೆ ಅಂತ ಅರ್ಜಿ ಕೊಡಬೇಕು. ಮರೆತರೆ ಶಾಲೆಯ ತೆರಿಗೆ ಸಾವಿರಕ್ಕೆ 18 ಡಾಲರ್‌ವರೆಗೆ ಜಾಸ್ತಿ ಬೀಳುತ್ತದೆ, ಅಂದರೆ ನಮ್ಮ ಲೆಕ್ಕಕ್ಕೆ ಇನ್ನೂ 1,332.

ಈಗ 94,000ದ ಮನೆಗೆ ಬರುತ್ತೇನೆ. ಅದು ತಾಮ್ರದ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ ಸಾಲುಮನೆಗಳಲ್ಲೊಂದು. ಅಂಥ ಗಣಿ ಕಾಲೋನಿಗೆ ಅಲ್ಲಿ 'ಲೊಕೇಶನ್' ಅನ್ನುತ್ತಾರೆ. ಗಣಿ ಹೋಯಿತು, ಮನೆಗಳು ಉಳಿದವು, ಅದಕ್ಕೇ ಅಗ್ಗ. ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಹೋದೆವು. ಗಣಿಯ ಕಲ್ಲಿನದೇ ಅಡಿಪಾಯ, ಗೋಡೆಯೊಳಗೆ ನೂರು ವರ್ಷದ ವೈರಿಂಗು. ಸ್ವಂತ ಬೋರ್‌ವೆಲ್, ಸ್ವಂತ ಸೆಪ್ಟಿಕ್ ಟ್ಯಾಂಕ್. ಗ್ಯಾಸ್ ಪೈಪ್ ಆ ರಸ್ತೆಗೆ ಬಂದಿಲ್ಲ, ಹೀಟಿಂಗ್‌ಗೆ ಹಿತ್ತಲಲ್ಲಿ ಪ್ರೊಪೇನ್ ಅನಿಲದ ಟ್ಯಾಂಕ್. ಮಾಲೀಕರ ಹತ್ತಿರ ಎರಡು ಚಳಿಗಾಲದ ಪ್ರೊಪೇನ್ ರಸೀದಿ ಕೇಳಿ ತಗೊಂಡೆ. ವರ್ಷಕ್ಕೆ 1,100 ಗ್ಯಾಲನ್ ಆಸುಪಾಸು. ಒಂದು ಗ್ಯಾಲನ್ ಪ್ರೊಪೇನ್‌ನಲ್ಲಿ ಸುಮಾರು 91,500 ಬಿಟಿಯು (ಶಾಖದ ಅಳತೆ) ಶಾಖ. ಪೈಪ್ ಗ್ಯಾಸಿನ ಒಂದು ಥರ್ಮ್ ಅಂದರೆ 1,00,000 ಬಿಟಿಯು, ಬೆಲೆ ಪ್ರೊಪೇನ್‌ನ ಅರ್ಧಕ್ಕಿಂತ ಕಡಿಮೆ ಇತ್ತು. ಹ್ಯಾನ್‌ಕಾಕ್ ಮನೆಗೆ ಪೈಪ್ ಗ್ಯಾಸ್ ಇತ್ತು.

ವಿಮೆಯನ್ನು ಮನೆ ಒಪ್ಪುವ ಮುಂಚೆಯೇ ಕೇಳಿ. ಅವರು ಮೊದಲು ನೋಡುವುದು ಅಗ್ನಿಶಾಮಕ ಠಾಣೆ 5 ಮೈಲಿಯೊಳಗೆ ಇದೆಯಾ, ನೀರಿನ ಹೈಡ್ರಂಟ್ 1,000 ಅಡಿಯೊಳಗೆ ಇದೆಯಾ ಅಂತ. ಒಂದು ಕಂಪನಿ ಆ ಹಳೇ ವೈರಿಂಗ್ ಕೇಳಿಯೇ ಫೋನ್ ಇಟ್ಟುಬಿಟ್ಟಿತು.

ಮೋಟೆಲ್ ರೂಮಿನಲ್ಲಿ ಕೂತು ಎರಡೂ ಮನೆಗಳನ್ನು ಅಕ್ಕಪಕ್ಕ ಬರೆದೆ. 20 ಶೇಕಡಾ ಡೌನ್ ಪೇಮೆಂಟ್, 6.5 ಶೇಕಡಾ ಬಡ್ಡಿ, 30 ವರ್ಷ. ಹ್ಯಾನ್‌ಕಾಕ್ ಮನೆಯ ಕಂತು ತಿಂಗಳಿಗೆ 273 ಡಾಲರ್ ಜಾಸ್ತಿ, ತೆರಿಗೆ 90 ಜಾಸ್ತಿ. ಲೊಕೇಶನ್ ಮನೆಗೆ ಹೀಟಿಂಗ್ 125 ಜಾಸ್ತಿ, ವಿಮೆ 80, ಪೆಟ್ರೋಲು 60, ಉದ್ದದ ಡ್ರೈವ್‌ವೇ ಹಿಮ ತೆಗೆಸಲು 50, ಬಾವಿ-ಸೆಪ್ಟಿಕ್‌ಗೆ ಎತ್ತಿಡಲು 40. ಒಂದು ಕಡೆ 363, ಇನ್ನೊಂದು ಕಡೆ 355. ಬೆಲೆಯಲ್ಲಿ 54,000 ಡಾಲರ್ ಅಗ್ಗದ ಮನೆ, ತಿಂಗಳ ಖರ್ಚಿನಲ್ಲಿ 8 ಡಾಲರ್ ಅಗ್ಗ! ಡೌನ್ ಪೇಮೆಂಟ್‌ನಲ್ಲಿ ಉಳಿಯುವ 10,800 ಹೊಸ ವೈರಿಂಗ್‌ಗೇ ಸಾಲುತ್ತಿರಲಿಲ್ಲ. ಹೆಂಡತಿ ಕಾಗದ ನೋಡಿ, "ಎಂಟು ಡಾಲರ್‌ಗೋಸ್ಕರ ನಾನು ದಿನಾ ಆ ರಸ್ತೇಲಿ ಹೋಗಲ್ಲ ರೀ" ಅಂದಳು.

ಆ ಪ್ರವಾಸದಲ್ಲಿ ಇನ್ನೊಂದು ತಿಳಿಯಿತು. ಮೂರನೇ ಮನೆಯೊಂದಕ್ಕೆ ಹೊರಟಿದ್ದೆವು, ರಸ್ತೆಯೇ ಇರಲಿಲ್ಲ. 'ಸೀಸನಲ್ ರಸ್ತೆ' ಅಂತ ಬೋರ್ಡು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕೌಂಟಿಯವರು ಅಲ್ಲಿ ಹಿಮ ತೆಗೆಯುವುದಿಲ್ಲ. ಜಾಹೀರಾತಿನ ಫೋಟೋ ಜುಲೈಯದು.

ಹ್ಯಾನ್‌ಕಾಕ್ ಇರುವುದು ಗುಡ್ಡದ ಇಳಿಜಾರಿನಲ್ಲಿ. 2018ರ ಜೂನ್ 17ರ ಪ್ರವಾಹದಲ್ಲಿ ಆ ಕಡೆಯ ಬೀದಿಗಳೇ ಕೊಚ್ಚಿಹೋಗಿದ್ದವು. ಅವತ್ತು ನೆಲಮಾಳಿಗೆಗೆ ನೀರು ಬಂದಿತ್ತಾ ಅಂತ ಮಾಲೀಕರನ್ನೂ ಕೇಳಿದೆ, ಪಕ್ಕದ ಮನೆಯವರನ್ನೂ ಕೇಳಿದೆ. ಇಬ್ಬರದ್ದೂ ಒಂದೇ ಉತ್ತರ ಬಂದ ಮೇಲೆ ಸಹಿ ಹಾಕಿದೆವು.

ಮೊದಲ ಜನವರಿಯ ಲೆಕ್ಕ ಹೆಚ್ಚುಕಮ್ಮಿ ಸರಿಯಾಗೇ ಬಂತು, ಒಂದು ಸಾಲು ಬಿಟ್ಟು. ಸೂರಿನ ಮೇಲಿನ ಹಿಮ ಇಳಿಸುವ ಖರ್ಚಿಗೆ ನಾನು ಸೊನ್ನೆ ಬರೆದಿದ್ದೆ. ಎರಡು ಸಲ ಜನ ಕರೆಸಬೇಕಾಯಿತು, ಒಟ್ಟು 600 ಡಾಲರ್. ಅವರು ಮೇಲೆ ಹಿಮ ಎಳೆಯುತ್ತಿದ್ದಾಗಲೇ ಅಪ್ಪನ ಫೋನ್ ಬಂತು. "ಏನದು ಸದ್ದು, ಹೆಂಚು ಕೈಯಾಡಿಸ್ತಿದ್ದಾರಾ?" ಅಂದರು. ಹೌದಪ್ಪ, ಹಾಗೇ ಅಂದುಕೊಳ್ಳಿ ಅಂದೆ.