ಕಾರ್ಪೊರೇಟರ್ ಅಭ್ಯರ್ಥಿಯ ಕರಪತ್ರ ಓದುವುದು ಹೇಗೆ?

ನಮ್ಮ ಬೀದಿಯಲ್ಲಿ ಚುನಾವಣೆ ಕರಪತ್ರ ಬಂದರೆ ಫೋಟೊ ನೋಡುತ್ತಾರೆ, ಚಿಹ್ನೆ ನೋಡುತ್ತಾರೆ, ಆಮೇಲೆ ಅಡುಗೆಮನೆ ಶೆಲ್ಫಿಗೆ ಹಾಸುತ್ತಾರೆ. ಅಭ್ಯರ್ಥಿ ಬಾಗಿಲಿಗೆ ಬಂದಾಗ, ‘ಕಾವೇರಿ ನೀರು ದಿನಾ ಬಿಡಿಸಿ ಸಾರ್’ ಎಂಬ ಬೇಡಿಕೆ. ‘ಖಂಡಿತ ಅಮ್ಮಾ’ ಎಂದು ಕೈ ಮುಗಿದು ಅವರು ಮುಂದಿನ ಮನೆಗೆ ಹೋಗುತ್ತಾರೆ. ಆ ವಾಲ್ವ್ ತಿರುಗಿಸುವುದು ಪಾಲಿಕೆಯಲ್ಲ, ಜಲಮಂಡಳಿ!

ಬೆಂಗಳೂರಿನವರಿಗೆ ಅಭ್ಯಾಸ ತಪ್ಪಿದ್ದೂ ನಿಜ. 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆ ಬಂದವು.

ಹಂತ 1: ನಿಮ್ಮ ಮನೆ ಯಾವ ಪಾಲಿಕೆ, ಯಾವ ವಾರ್ಡ್ ಎಂದು ನೋಡಿಕೊಳ್ಳಿ. ಗಡಿಗಳು ಬದಲಾಗಿವೆ.

ಹಂತ 2: ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು ಹಿಡಿದು ಕೂರಿ.

ಹಂತ 3: ಭರವಸೆಗಳನ್ನು ಬೇರೆ ಮಾಡಿ. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ. ಪಾಲಿಕೆಯ ಕೆಲಸಕ್ಕೆ ನೀಲಿ ಗೆರೆ. ಒಳರಸ್ತೆ, ಫುಟ್‌ಪಾತ್, ಬೀದಿ ದೀಪ, ಪಾರ್ಕು ಇಲ್ಲಿಗೆ ಬರುತ್ತವೆ. ಬೇರೆಯವರ ಕೆಲಸಕ್ಕೆ ಕೆಂಪು. ಕುಡಿಯುವ ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಬಸ್ ಬಿಎಂಟಿಸಿಯದು, ಸಿಗ್ನಲ್ ಮತ್ತು ಒನ್‌ವೇ ಸಂಚಾರ ಪೊಲೀಸರದು.

‘ಚರಂಡಿ’ ಎಂದು ಬರೆದಿದ್ದರೆ ಜಾಸ್ತಿ ಹುಷಾರು. ರಸ್ತೆ ಬದಿಯ ಮಳೆನೀರಿನ ಚರಂಡಿ ಪಾಲಿಕೆಯದು. ಮ್ಯಾನ್‌ಹೋಲ್ ಇರುವ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಜಲಮಂಡಳಿಯದು. ಮ್ಯಾನ್‌ಹೋಲ್ ಉಕ್ಕಿದಾಗ ಪಾಲಿಕೆ ಕಚೇರಿಗೆ ಮೂರು ದಿನ ಅಲೆದವರನ್ನು ನಾನೇ ಕಂಡಿದ್ದೇನೆ.

ಹಾಗಂತ ಕೆಂಪು ಗೆರೆಯವನ್ನು ಹೊಡೆದು ಹಾಕಬೇಡಿ. ಪಕ್ಕದಲ್ಲಿ ‘ನೀವು ಮಾಡುವ ಭಾಗ ಯಾವುದು?’ ಎಂದು ಬರೆಯಿರಿ. ಪೈಪು ಹಾಕಲು ಜಲಮಂಡಳಿ ರಸ್ತೆ ಅಗೆದರೆ, ಡಾಂಬರು ಹಾಕುವ ಮೊದಲೇ ಅಗೆಸಿ ಮುಗಿಸುವಂತೆ ಬೆನ್ನು ಹತ್ತುವುದು ಕಾರ್ಪೊರೇಟರ್ ಕೈಲಾಗುವ ಕೆಲಸ. ರೆಸಿಡೆನ್ಸಿ ರೋಡು, ಸೇಂಟ್ ಮಾರ್ಕ್ಸ್ ರೋಡುಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಕೇಬಲ್, ಪೈಪುಗಳಿಗೆ ಫುಟ್‌ಪಾತ್ ಅಡಿಯಲ್ಲೇ ಜಾಗ ಮಾಡಿದ್ದು ಈ ಪದೇ ಪದೇ ಅಗೆಯುವ ಕಾಟಕ್ಕಾಗಿಯೇ.

ವಾಟ್ಸ್ಯಾಪ್‌ನಲ್ಲಿ ಹರಿದಾಡುವ ‘ಅಭ್ಯರ್ಥಿಗೆ ಕೇಳಿ 25 ಪ್ರಶ್ನೆ’ ತರಹದ ಪಟ್ಟಿ ಮಾತ್ರ ಬೇಡ. ಅದರಲ್ಲಿ ನಿಮ್ಮ ಬೀದಿ ಇರುವುದಿಲ್ಲ.

ಹಂತ 4: ನೀಲಿ ಗೆರೆಯಲ್ಲಿ ಒಂದನ್ನೇ ಆರಿಸಿ, ಅಳೆಯಿರಿ. ನನ್ನನ್ನು ಕೇಳಿದರೆ ಫುಟ್‌ಪಾತ್. ಸ್ವಾಗತ ಕಮಾನು, ಪಾರ್ಕಿನ ಕಾರಂಜಿ ಎಲ್ಲ ಆಮೇಲೆ. ಅಜ್ಜಿಯೊಬ್ಬರು ಔಷಧಿ ಅಂಗಡಿಗೆ ನಡೆದು ಹೋಗಿ ಬರಲಾಗದ ವಾರ್ಡಿಗೆ ಕಾರಂಜಿ ಯಾಕೆ? ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕ, ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ. ಟ್ರಾನ್ಸ್‌ಫಾರ್ಮರ್, ಮರ, ನಿಲ್ಲಿಸಿದ ಸ್ಕೂಟರ್ ಬಿಟ್ಟು ಉಳಿದ ಜಾಗ ಅಳೆಯಿರಿ. ಟೈಲರ್ ಅಂಗಡಿಯ ಟೇಪು ಬೇಡ, ಗಾಳಿಗೆ ಹಾರುತ್ತದೆ. ಹಾರ್ಡ್‌ವೇರ್ ಅಂಗಡಿಯ 5 ಮೀಟರ್ ಸ್ಟೀಲ್ ಟೇಪು ತನ್ನಿ.

ಅಂದಹಾಗೆ, ‘ಹೊಸ ಟೈಲ್ಸ್ ಹಾಕಿಸುತ್ತೇವೆ’ ಅಂದರೆ ಯಾವ ಟೈಲ್ಸ್ ಎಂದು ಕೇಳಲೇಬೇಕು. ನುಣುಪಾದ, ಹೊಳೆಯುವ ಟೈಲ್ಸ್ ಹೊರಗೆ ಹಾಕುವ ವಸ್ತುವೇ ಅಲ್ಲ. ಮೊದಲ ಮಳೆಗೇ ಜಾರುತ್ತದೆ.

ಹಂತ 5: ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ತನ್ನಿ. ‘ಫುಟ್‌ಪಾತ್ ಸರಿ ಮಾಡಿಸ್ತೀರಾ?’ ಅಂದರೆ ಉತ್ತರ ‘ಹೂಂ’ ಅಷ್ಟೇ. ‘2ನೇ ಕ್ರಾಸಿನಿಂದ ಶಾಲೆಯವರೆಗೆ ನಾಲ್ಕು ಕಡೆ ಒಂದು ಮೀಟರೂ ಇಲ್ಲ. ಮೊದಲ ವರ್ಷ ಯಾವುದನ್ನು ಸರಿ ಮಾಡಿಸ್ತೀರಿ?’ ಎಂದು ಕೇಳಿ. ಜೊತೆಗಿರುವ ಹುಡುಗರು ‘ಮಾಡೋಣ, ಮಾಡೋಣ’ ಎಂದು ಎಳೆದುಕೊಂಡು ಹೋಗಲು ನೋಡುತ್ತಾರೆ. ಗೇಟಿಗೆ ಒರಗಿ ನಿಂತುಕೊಳ್ಳಿ.

ಹಂತ 6: ಸಿಕ್ಕ ಉತ್ತರವನ್ನು ಅದೇ ಕರಪತ್ರದ ಹಿಂದೆ ಅವರೆದುರೇ ಬರೆಯಿರಿ, ತಾರೀಖು ಹಾಕಿ. ಅದನ್ನು ಶೆಲ್ಫಿಗೆ ಹಾಸಬೇಡಿ. ಆಸ್ತಿ ತೆರಿಗೆ ರಸೀದಿ ಇಡುವ ಫೈಲಿಗೆ ಸೇರಿಸಿ.